ಗೊಡ್ಡುಮಾಡಿದ ಮೇವು

ಪಶ್ಚಿಮ ಆಸ್ಟ್ರೇಲಿಯದ ಕುರಿಸೀಮೆಯ ನೆಲ ಬಹುಮಟ್ಟಿಗೆ ಸಾರವಿಲ್ಲದ ಮರಳುನೆಲ. ಅಲ್ಲಿನ ಕುರಿಗಾರರಿಗೆ ಕಾಮಧೇನುವಾಗಿ ಒದಗಿದ್ದು ಮೆಡಿಟರೇನಿಯನ್ ತೀರದಿಂದ ಬಂದ ಒಂದು ಬಗೆಯ ಕ್ಲೋವರ್ ಗಿಡ. ಅವರೆ, ಹುರುಳಿಗಳ ಕುಲದ್ದು. ಕಡಲೆಕಾಯಿಯಂತೆ ತನ್ನ ಬೀಜವನ್ನು ತಾನೇ ಮಣ್ಣಿನಲ್ಲಿ ಹೂಳಿಕೊಳ್ಳುವಂಥದು. 1889ರಲ್ಲಿ ದಕ್ಷಿಣ ಆಸ್ಟ್ರೇಲಿಯದ ಮೌಂಟ್ ಬಾರ್ಕರ್ ಬಳಿ ಆಮೋಸ್ ಹೋವರ್ಡ್ ಎಂಬ ಬೇಸಾಯಗಾರ ಅದರ ಗುಣವನ್ನು ಗುರುತಿಸಿ ಪ್ರಚಾರಕ್ಕೆ ತಂದಿದ್ದನು. ನೆಲ ಹದವಾಯಿತು, ಮೇವು ಸಮೃದ್ಧಿಯಾಯಿತು.

ಆದರೆ 1940ರ ದಶಕದಲ್ಲಿ ಕುರಿಗಳಿಗೆ ಗಬ್ಬ ನಿಲ್ಲದಾಯಿತು. ನಿಂತರೂ ಈಯುವಾಗ ಕಂಟಕ. ಕೆಲವಕ್ಕೆ ಗರ್ಭಕೋಶವೇ ಹೊರಬೀಳುತ್ತಿತ್ತು. ಬೀಜ ಒಡೆದ ಗಂಡುಕುರಿಗಳ ಮೊಲೆಯಲ್ಲಿಯೂ ಹಾಲು ಕಾಣಿಸಿತೆಂದರೆ ಆ ಮಂದೆಯ ಒಡೆಯರ ಪಾಡನ್ನು ವಾಚಕರೇ ಊಹಿಸಬಹುದು. 1946ರಲ್ಲಿ ಬೆನೆಟ್ಸ್, ಅಂಡರ್‌ವುಡ್, ಷಿಯರ್ ಎಂಬ ಮೂವರು ಇದನ್ನು ವರದಿಮಾಡಿ, ದೋಷ ಕ್ಲೋವರಿನದೆಂದು ತೋರಿಸಿಕೊಟ್ಟರು. ಹೆಣ್ಣುತನದ ಹಾರ್ಮೋನನ್ನು ಹೋಲುವ ಐಸೋಫ್ಲೇವೋನ್ ಎಂಬ ದ್ರವ್ಯಗಳು ಆ ಎಲೆಯಲ್ಲಿದ್ದುವು. ಅವುಗಳಲ್ಲಿ ಮುಖ್ಯ ಅಪರಾಧಿ ಫಾರ್ಮೊನೊನೆಟಿನ್. ತನ್ನಷ್ಟಕ್ಕೆ ಅದು ಸಾಧುವೇ. ಕುರಿಯ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಈಕ್ವಾಲ್ ಆಗಿ ಮಾರ್ಪಡಿಸಿದಾಗಲೇ ಕೇಡು. ಈಕ್ವಾಲ್ ಎಂಬ ಹೆಸರು ಕುದುರೆಯಿಂದ ಬಂದುದು; 1932ರಲ್ಲಿ ಅದು ಮೊದಲು ದೊರೆತದ್ದು ಗಬ್ಬದ ಕುದುರೆಯ ಮೂತ್ರದಲ್ಲಿ.

ಗಿಡಕ್ಕೇಕೆ ಈ ದ್ರವ್ಯ? ಕುರಿಯ ಮೇಲಿನ ಹಗೆಯಿಂದಲ್ಲ. ಈ ಕುಲದ ಗಿಡಗಳು ಬೂಷ್ಟುರೋಗದ ವಿರುದ್ಧ ಹೂಡುವ ಅಸ್ತ್ರಗಳು ಇದರಿಂದಲೇ ಆಗುತ್ತವೆ. ಸೋಯಾ ಅವರೆಯಂತೂ ಬೇರುಗಂಟಿನ ಬ್ಯಾಕ್ಟೀರಿಯಗಳನ್ನು ಇದರಿಂದಲೇ ಕರೆಯುತ್ತದೆ. ಇದನ್ನು ತಯಾರಿಸುವ ಕಿಣ್ವದ ಹೆಸರು ಐಸೋಫ್ಲೇವೋನ್ ಸಿಂಥೇಸ್. (ಕಿಣ್ವವೆಂಬುದು ಹೊಸದಾಗಿ ಟಂಕಿಸಿದ ಮಾತಲ್ಲ, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು ಮದ್ಯ ಹುಳಿಸುವ ಹೆಪ್ಪು.) ಅದು ಮಾಡುವ ಕೆಲಸ ವಿಚಿತ್ರವಾದುದು: ಅಣುವಿನ ಒಂದು ಉಂಗುರವನ್ನು ಕಿತ್ತು ಪಕ್ಕದ ಇಂಗಾಲಕ್ಕೆ, ಎರಡನೆಯ ಸ್ಥಾನದಿಂದ ಮೂರನೆಯದಕ್ಕೆ, ಜೋಡಿಸುತ್ತದೆ. ಒಂದು ಹೆಜ್ಜೆಯ ಈ ಸ್ಥಳಾಂತರದಿಂದ ಅಣುವಿನ ಜಾತಿಯೇ ಬೇರೆಯಾಗುತ್ತದೆ. ಈ ಕಿಣ್ವದ ಜೀನು ಕೈಗೆ ಸಿಕ್ಕಿದ್ದು 1999ರ ಹೊತ್ತಿಗೆ. 2000ದಲ್ಲಿ ಸೋಯಾದ ಜೀನನ್ನು ಸಾಸಿವೆ ಕುಲದ ಅರಾಬಿಡಾಪ್ಸಿಸ್ ಗಿಡದಲ್ಲಿ ಇಟ್ಟಾಗ, ಆ ಗಿಡವೂ ಜೆನಿಸ್ಟೀನ್ ಎಂಬ ಐಸೋಫ್ಲೇವೋನನ್ನು ತಯಾರಿಸಿತು.

ಕುರಿಗಾರರು ಅಷ್ಟು ಕಾಲ ಕಾಯಲಿಲ್ಲ. ಫಾರ್ಮೊನೊನೆಟಿನ್ ಕಡಮೆಯಿರುವ ಕ್ಲೋವರ್ ತಳಿಗಳನ್ನು ಆರಿಸಿ ಬಿತ್ತಿದರು. ಆದರೂ ಡ್ವಾಲ್‌ಗನಪ್ ಮುಂತಾದ ಹಳೆಯ ತಳಿಗಳು ಪೂರ್ತಿ ಅಳಿದಿಲ್ಲ. ಅವುಗಳ ಗಟ್ಟಿಬೀಜ ಮಣ್ಣಿನಲ್ಲಿ ಹುದುಗಿದ್ದು, ಹಳೆಯ ಹುಲ್ಲುಗಾವಲುಗಳಲ್ಲಿ ಈಗಲೂ ಮೊಳೆಯುತ್ತದೆ.