ಸೋತ ತಂಡದ ಕೋಚ್: ಇರಲೋ, ಹೋಗಲೋ?

1952ರ ಜುಲೈ 15. ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ಯುಗೊಸ್ಲಾವಿಯದ ಎದುರು ಆಡಿತು. ಪಂದ್ಯ ಮುಗಿದಾಗ ಫಲಿತಾಂಶ 10–1. ಆ ತಣ್ಣನೆಯ ನೆಲದಲ್ಲಿ ನಮ್ಮ ಆಟಗಾರರಲ್ಲಿ ಬಹುತೇಕರು ಬರಿಗಾಲಲ್ಲಿದ್ದರು. ಕೊನೆಗಳಿಗೆಯಲ್ಲಿ ಭಾರತಕ್ಕೆ ದಕ್ಕಿದ ಒಂದೇ ಒಂದು ಗೋಲು ಬೆಂಗಳೂರಿನ ಹುಡುಗ ಅಹ್ಮದ್ ಖಾನ್ ಅವರದು. ಹಿಂದಿನ ವರ್ಷವಷ್ಟೇ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1–0ರಿಂದ ಸೋಲಿಸಿ ಚಿನ್ನ ಗೆದ್ದಿದ್ದ ದೇಶ ಇದು. ಎರಡೂ ಸಲ ತಂಡದ ಕೋಚ್ ಒಬ್ಬರೇ: ಹೈದರಾಬಾದಿನ ಶಾಲಾ ಮಾಸ್ತರ ಸೈಯದ್ ಅಬ್ದುಲ್ ರಹೀಂ.

ಹತ್ತು ಗೋಲು ತಿಂದ ತಂಡದ ಕೋಚ್‌ನನ್ನು ಏನು ಮಾಡಬೇಕು? ಇಂದಾದರೆ ಈ ಪ್ರಶ್ನೆಗೆ ಸಂಜೆಯೊಳಗೆ ಉತ್ತರ ಸಿಗುತ್ತದೆ. ಮರುದಿನ ಬೆಳಿಗ್ಗೆ ಕ್ಲಬ್ಬಿನ ಎರಡು ಸಾಲಿನ ಹೇಳಿಕೆ ಬರುತ್ತದೆ. ಅದರಲ್ಲಿ ‘ಪರಸ್ಪರ ಒಪ್ಪಿಗೆಯಿಂದ’ ಎಂಬ ಮಾತು ತಪ್ಪದೆ ಇರುತ್ತದೆ. ಆದರೆ 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಭಾರತದ ತಂಡ ಹೊರಟಾಗ ಕೋಚ್ ಆಗಿ ಹೋದವರು ಮತ್ತೆ ರಹೀಂ ಅವರೇ.

ಕಾಳಗಿ, ಚಿತ್ತಾಪುರ, ಸೇಡಂ, ಚಿಂಚೋಳಿಯ ಓದುಗರಿಗೆ ಈ ಹೆಸರು ದೂರದ್ದಾಗಿ ಕಾಣಬಾರದು. 1956ರ ನವೆಂಬರ್ 1ರವರೆಗೆ ಗುಲ್ಬರ್ಗಾ ಜಿಲ್ಲೆ ಇದ್ದದ್ದು ಹೈದರಾಬಾದ್ ರಾಜ್ಯದಲ್ಲಿ. ಇಲ್ಲಿನವರ ಕಚೇರಿ, ಕೋರ್ಟು, ಕಾಲೇಜು ಎಲ್ಲದರ ದಾರಿ ಹೈದರಾಬಾದಿಗೇ ಹೋಗುತ್ತಿತ್ತು. ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ಹಾಸಿದ ರೈಲುಹಳಿ ಚಿತ್ತಾಪುರ, ಸೇಡಂ ದಾಟಿಯೇ ಹೋಗುತ್ತದೆ. ಅಂದರೆ ಸಂತೋಷ್ ಟ್ರೋಫಿಯಲ್ಲಿ ಆಗ ಈ ಭಾಗದ ರಾಜ್ಯತಂಡ ಮೈಸೂರಲ್ಲ, ಹೈದರಾಬಾದ್. ಬೆಂಗಳೂರಿನವರು ಮೈಸೂರು ತಂಡಕ್ಕೆ ಜೈ ಎನ್ನುತ್ತಿದ್ದ ಕಾಲದಲ್ಲಿ ಲೆಕ್ಕದ ಪ್ರಕಾರ ಕಾಳಗಿಯವರು ಎದುರುಪಕ್ಷದಲ್ಲಿದ್ದರು!

ಆ ಎದುರುಪಕ್ಷ ಸಾಮಾನ್ಯದ್ದಾಗಿರಲಿಲ್ಲ. ರಹೀಂ ಅವರ ಕೈಯಲ್ಲಿ ಪಳಗಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ಮುಂಬೈಯ ರೋವರ್ಸ್ ಕಪ್ ಗೆದ್ದಿತು. 1950ರ ಡ್ಯೂರಾಂಡ್ ಕಪ್ಪಿನ ಫೈನಲ್‌ನಲ್ಲಿ ಮೋಹನ್ ಬಾಗಾನ್ ತಂಡವನ್ನೇ ಮಣಿಸಿತು. ಒಂದೇ ಸ್ಪರ್ಶದಲ್ಲಿ ಚೆಂಡನ್ನು ಮುಂದಿನವನಿಗೆ ದಾಟಿಸುವುದು, ಎರಡೂ ಕಾಲಲ್ಲಿ ಒದೆಯಲು ಕಲಿಸುವುದು, ಚೆಂಡನ್ನು ಹಿಡಿದುಕೊಂಡು ಮೆರೆಯುವವನನ್ನು ತಿದ್ದುವುದು, ಇವು ಅವರ ಪಾಠಗಳು. ಮಾಸ್ತರಿಕೆ ಮೈದಾನಕ್ಕೂ ಬಂದಿತ್ತು ಎನ್ನಬೇಕು.

ಹೆಲ್ಸಿಂಕಿಯ ಸೋಲಿನ ನಂತರ ಬದಲಾದದ್ದು ಮುಖ್ಯವಾಗಿ ಎರಡು. ಬೂಟು ಹಾಕಿಕೊಂಡೇ ಆಡಬೇಕು ಎಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕಡ್ಡಾಯ ಮಾಡಿತು. ಇನ್ನೊಂದು ಬದಲಾವಣೆ ರಹೀಂ ಅವರ ತಲೆಯೊಳಗೆ ಆದದ್ದು. ಆ ಕಾಲಕ್ಕೆ ಯುರೋಪಿನಲ್ಲಿ ಹಂಗೇರಿ ತಂಡ ಸೆಂಟರ್ ಫಾರ್ವರ್ಡ್‌ನನ್ನು ಹಿಂದಕ್ಕೆ ಇಳಿಸಿ ಎದುರಾಳಿಗಳನ್ನು ಗೊಂದಲಕ್ಕೆ ಕೆಡವುತ್ತಿತ್ತು. ರಹೀಂ ಆ ತಂತ್ರವನ್ನು ಮೆಲ್ಬರ್ನ್‌ಗೆ ಒಯ್ದರು. ಅಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿತು. ನೆವಿಲ್ ಡಿಸೋಜ ಹ್ಯಾಟ್ರಿಕ್ ಹೊಡೆದರು. ಸೆಮಿಫೈನಲ್‌ನಲ್ಲಿ ಎದುರಾದದ್ದು ಅದೇ ಯುಗೊಸ್ಲಾವಿಯ. ಈ ಸಲ ಸೋಲು 1–4. ಹತ್ತು ನಾಲ್ಕಕ್ಕೆ ಇಳಿದಿತ್ತು. ಭಾರತಕ್ಕೆ ನಾಲ್ಕನೆಯ ಸ್ಥಾನ ಬಂತು. ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಭಾರತ ಅದಕ್ಕಿಂತ ಮೇಲೇರಿದ್ದಿಲ್ಲ.

ಹಾಗೆಂದು ರಹೀಂ ಅವರ ಕುರ್ಚಿ ಗಟ್ಟಿಯಾಗಿ ನೆಟ್ಟದ್ದಾಗಿತ್ತು ಎಂದೇನೂ ಅಲ್ಲ. ನಡುವೆ ಬೇರೆಯವರೂ ರಾಷ್ಟ್ರೀಯ ತಂಡದ ಕೋಚ್ ಆದದ್ದುಂಟು. 1960ರ ರೋಮ್ ಒಲಿಂಪಿಕ್ಸ್‌ಗೆ ರಹೀಂ ಮತ್ತೆ ಬಂದರು. ಹಂಗೇರಿಗೆ 1–2, ಪೆರುವಿಗೆ 1–3ರಿಂದ ಸೋತು, ಫ್ರಾನ್ಸ್ ಜೊತೆ 1–1ರ ಡ್ರಾ ಮಾಡಿಕೊಂಡು ತಂಡ ಒಂದೂ ಗೆಲುವಿಲ್ಲದೆ ಹಿಂತಿರುಗಿತು. ಅಂಕಿ ಅಂಶ ಮಾತ್ರ ನೋಡುವವರಿಗೆ ಕೋಚ್ ಬದಲಿಸಲು ಇದು ಸಾಕಾದ ಕಾರಣ. ಆದರೆ 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟಕ್ಕೂ ಅವರನ್ನೇ ಕಳಿಸಲಾಯಿತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯ 2–0ರಿಂದ ಬಡಿಯಿತು. ಕೂಟದಿಂದ ಇಸ್ರೇಲ್, ತೈವಾನ್‌ಗಳನ್ನು ಹೊರಗಿಟ್ಟದ್ದರ ಬಗ್ಗೆ ಭಾರತದ ಕ್ರೀಡಾಧಿಕಾರಿ ಜಿ.ಡಿ. ಸೋಂಧಿ ತೆಗೆದ ತಕರಾರಿನಿಂದ ಕೆರಳಿದ್ದ ಇಂಡೊನೇಷ್ಯದ ಪ್ರೇಕ್ಷಕರು ಭಾರತದ ಆಟಗಾರರನ್ನು ಕಂಡಲ್ಲೆಲ್ಲ ಕೂಗಿ ಹಂಗಿಸುತ್ತಿದ್ದರು. ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿತ್ತು. ಹಿಂದೆ ಆಡುತ್ತಿದ್ದ ಅವರನ್ನು ರಹೀಂ ಮುಂಪಡೆಗೆ ತಂದರು. ಜ್ವರದಿಂದ ಹೊರಗಿದ್ದ ಎತ್ತರದ ಗೋಲಿ ಪೀಟರ್ ತಂಗರಾಜ್ ಅವರನ್ನು ಫೈನಲ್‌ಗೆ ಮತ್ತೆ ನಿಲ್ಲಿಸಿದರು. ಸೆಪ್ಟೆಂಬರ್ 4ರ ಆ ಫೈನಲ್‌ನಲ್ಲಿ ಎದುರಾದದ್ದು ಅದೇ ದಕ್ಷಿಣ ಕೊರಿಯ. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲು ಹೊಡೆದರು. ಭಾರತಕ್ಕೆ 2–1ರ ಗೆಲುವು, ಚಿನ್ನ. ಕ್ಯಾನ್ಸರ್ ರೋಗಿಯಾಗಿದ್ದ ರಹೀಂ 1963ರ ಜೂನ್ 11ರಂದು ತೀರಿಕೊಂಡರು. ಅವರ ಮೇಲೆ ‘ಮೈದಾನ್’ ಎಂಬ ಹಿಂದಿ ಚಿತ್ರ ಬರಲು 2024 ಆಗಬೇಕಾಯಿತು. ಏಷ್ಯನ್ ಕೂಟದಲ್ಲಿ ಫುಟ್‌ಬಾಲ್ ಚಿನ್ನ ಭಾರತಕ್ಕೆ ಮತ್ತೆ ಸಿಕ್ಕಿಲ್ಲ.

ರಹೀಂ ಅವರ ಕಾಲದಲ್ಲಿ ಕೋಚ್ ಯಾರಾಗಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದವರು ಫೆಡರೇಷನ್ನಿನ ಪದಾಧಿಕಾರಿಗಳು ಮತ್ತು ಇಲಾಖೆಯ ಮೇಲಧಿಕಾರಿಗಳು. ಗ್ಯಾಲರಿಯವರಿಗೆ ಕೂಗುವ ಹಕ್ಕಿತ್ತು, ಕೇಳಿಸಿಕೊಳ್ಳುವವರು ಇರಲಿಲ್ಲ. ಬೆಂಗಳೂರಿನಲ್ಲೂ ಬಹುಕಾಲ ಹೀಗೆಯೇ. 1937ರಲ್ಲಿ ರೋವರ್ಸ್ ಕಪ್ ಗೆದ್ದು ಹೆಸರು ಮಾಡಿದ ಬೆಂಗಳೂರು ಮುಸ್ಲಿಮ್ಸ್ ತಂಡದ ನಂತರ ಊರಿನ ಆಟವನ್ನು ಕಾಪಾಡಿದ್ದು ಎಚ್‌ಎಎಲ್, ಐಟಿಐನಂಥ ಕಾರ್ಖಾನೆಗಳು. ಆಟಗಾರನೂ ನೌಕರ, ಕೋಚ್ ಕೂಡ ನೌಕರ, ಚಪ್ಪಾಳೆ ಹೊಡೆಯುವವನೂ ಹೆಚ್ಚಾಗಿ ಅದೇ ಕಾರ್ಖಾನೆಯ ಶಿಫ್ಟ್ ಮುಗಿಸಿ ಬಂದವನು. ಸೋತರೂ ಸೋಮವಾರ ಎಲ್ಲರೂ ಒಂದೇ ಗೇಟಿನಿಂದ ಒಳಗೆ ಹೋಗಬೇಕು. ಐ-ಲೀಗ್‌ನಲ್ಲಿದ್ದ ಎಚ್‌ಎಎಲ್ 2012ರಲ್ಲಿ ಹಿಂಬಡ್ತಿ ಪಡೆದು ಕೆಳಗಿಳಿದಾಗ ಆ ಕಾಲ ಬಹುಮಟ್ಟಿಗೆ ಮುಗಿಯಿತು.

2013ರಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಬೆಂಗಳೂರು ಎಫ್‌ಸಿಯನ್ನು ಕಟ್ಟಿತು. ಜೊತೆಗೇ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಬಳಗ ಹುಟ್ಟಿತು. ಇವರು ತೊಂಬತ್ತು ನಿಮಿಷವೂ ನಿಂತು ಹಾಡುವವರು, ಡೋಲು ಬಡಿಯುವವರು. ಕೋಚ್ ಬಗ್ಗೆ ಅಭಿಪ್ರಾಯ ಇಟ್ಟುಕೊಂಡವರು, ಅದನ್ನು ಬಾಯಿಬಿಟ್ಟು ಹೇಳುವವರು. ಮೊದಲ ಕೋಚ್ ಆ್ಯಶ್ಲಿ ವೆಸ್ಟ್‌ವುಡ್ ಮೊದಲ ವರ್ಷವೇ ಐ-ಲೀಗ್ ಗೆಲ್ಲಿಸಿಕೊಟ್ಟರು. ಗೆಲ್ಲುತ್ತಿರುವಾಗ ಚರ್ಚೆ ಎಲ್ಲಿಂದ ಬರಬೇಕು? ಗೆದ್ದೆತ್ತಿನ ಬಾಲ ಹಿಡಿಯಲು ಜನ ಕಡಿಮೆಯಿಲ್ಲ. 2015ರ ಮೇ 31ರಂದು ಕಂಠೀರವ ಕ್ರೀಡಾಂಗಣದಲ್ಲಿ, ಕೊನೆಯ ಮೂರ್ನಾಲ್ಕು ನಿಮಿಷಗಳಲ್ಲಿ ಮೋಹನ್ ಬಾಗಾನ್ ಸಮಬಲದ ಗೋಲು ಹೊಡೆದು ಪ್ರಶಸ್ತಿ ಕಿತ್ತುಕೊಂಡಿತು. ವೆಸ್ಟ್‌ವುಡ್ ಉಳಿದರು, ಮುಂದಿನ ವರ್ಷ ಪ್ರಶಸ್ತಿ ವಾಪಸು ತಂದರು.

ನಿಜವಾದ ಪ್ರಶ್ನೆ ಎದ್ದದ್ದು ಕಾರ್ಲೆಸ್ ಕ್ವಾದ್ರತ್ ಅವರ ಕಾಲಕ್ಕೆ. ಸ್ಪೇನಿನ ಈ ಕೋಚ್ 2019ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ಮೊದಲ ಐಎಸ್‌ಎಲ್ ಪ್ರಶಸ್ತಿ ತಂದಿದ್ದರು. 2020–21ರಲ್ಲಿ ಕೊರೊನಾ ಕಾರಣ ಪಂದ್ಯಗಳೆಲ್ಲ ಗೋವಾದಲ್ಲಿ, ಪ್ರೇಕ್ಷಕರಿಲ್ಲದೆ ನಡೆದವು. ಮೊದಲ 9 ಪಂದ್ಯಗಳಲ್ಲಿ ಮೂರು ಗೆಲುವು, ಮೂರು ಡ್ರಾ, ಮೂರು ಸೋಲು. ಆ ಮೂರು ಸೋಲುಗಳೂ ಒಂದರ ಹಿಂದೆ ಒಂದು ಬಂದದ್ದೇ ಕಷ್ಟವಾಯಿತು. 2021ರ ಜನವರಿ 5ರಂದು ಮುಂಬೈ ಸಿಟಿಗೆ 1–3ರಿಂದ ಸೋತ ಮರುದಿನವೇ ಕ್ಲಬ್ ಅವರನ್ನು ಬೀಳ್ಕೊಟ್ಟಿತು. ಅಭಿಮಾನಿಗಳ ಮುಂದೆ ಸೋತಿದ್ದರೆ ಕೂಗಿನ ಒತ್ತಡದಿಂದ ಹೀಗಾಯಿತು ಎನ್ನಬಹುದಿತ್ತು. ಆಗ ಗ್ಯಾಲರಿ ಖಾಲಿಯಿತ್ತು. ಇರಲಿ. ಕ್ವಾದ್ರತ್ ಹೋದ ಮೇಲೆ ಆಡಿದ 11 ಪಂದ್ಯಗಳಲ್ಲಿ ತಂಡ ಗೆದ್ದದ್ದು ಎರಡೇ. ಕೊನೆಗೆ ಸಿಕ್ಕಿದ್ದು ಏಳನೆಯ ಸ್ಥಾನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ಇಲ್ಲಿ ನೆನೆಯುವುದು ತಪ್ಪಾಗಲಾರದು.

ಇಂಗ್ಲೆಂಡಿನ ಸೈಮನ್ ಗ್ರೇಸನ್ ಅವರ ಪ್ರಕರಣ ಇನ್ನೂ ಸ್ವಾರಸ್ಯದ್ದು. 2022ರ ಸೆಪ್ಟೆಂಬರ್‌ನಲ್ಲಿ ಅವರ ತಂಡ ಡ್ಯೂರಾಂಡ್ ಕಪ್ ಗೆದ್ದಿತು. ನಂತರದ ಐಎಸ್‌ಎಲ್‌ನಲ್ಲಿ ಮೊದಲ 12 ಪಂದ್ಯಗಳಲ್ಲಿ ಎಂಟನ್ನು ಸೋತಿತು. ಕೈಯಲ್ಲಿದ್ದದ್ದು 10 ಅಂಕ. ‘ಸಾಕು, ಕಳಿಸಿ’ ಎನ್ನುವವರ ವಾದಕ್ಕೆ ಇದಕ್ಕಿಂತ ಬಲ ಬೇಕಿರಲಿಲ್ಲ. ‘ತಂಡ ಕಟ್ಟಲು ಸಮಯ ಕೊಡಿ’ ಎನ್ನುವವರ ಬಳಿ ನಂಬಿಕೆ ಬಿಟ್ಟರೆ ಬೇರೆ ಆಧಾರವಿರಲಿಲ್ಲ. ಕ್ಲಬ್ ಕಾದಿತು. ಉಳಿದ ಎಂಟೂ ಲೀಗ್ ಪಂದ್ಯಗಳನ್ನು ಬೆಂಗಳೂರು ಗೆದ್ದಿತು! ನಾಲ್ಕನೆಯ ಸ್ಥಾನಕ್ಕೇರಿ, ಕೇರಳ ಬ್ಲಾಸ್ಟರ್ಸ್ ಆಟಗಾರರು ಸುನಿಲ್ ಚೆಟ್ರಿಯ ಫ್ರೀಕಿಕ್ ಗೋಲನ್ನು ಒಪ್ಪದೆ ಮೈದಾನ ಬಿಟ್ಟು ನಡೆದ ಆ ಪಂದ್ಯ ದಾಟಿ, ಫೈನಲ್ ತಲುಪಿತು. ಅಲ್ಲಿ ಎಟಿಕೆ ಮೋಹನ್ ಬಾಗಾನ್‌ಗೆ ಪೆನಾಲ್ಟಿಯಲ್ಲಿ ಸೋತಿತು.

ಮುಂದಿನ ವರ್ಷ ಅದೇ ಗ್ರೇಸನ್ 9 ಪಂದ್ಯಗಳಲ್ಲಿ ಒಂದೇ ಒಂದು ಗೆದ್ದು 7 ಅಂಕ ಗಳಿಸಿದ್ದರು. 2023ರ ಡಿಸೆಂಬರ್‌ನಲ್ಲಿ ಮುಂಬೈ ಸಿಟಿ 4–0ರಿಂದ ಸೋಲಿಸಿದ್ದೇ ತಡ, ಅವರನ್ನು ಕೈಬಿಡಲಾಯಿತು. ಲೆಕ್ಕ ಹಾಕಿ ನೋಡಿ. ಹಿಂದಿನ ವರ್ಷ 12 ಪಂದ್ಯಕ್ಕೆ 10 ಅಂಕ, ಈ ವರ್ಷ 9 ಪಂದ್ಯಕ್ಕೆ 7. ಸರಾಸರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಒಮ್ಮೆ ಕಾದದ್ದು ಸರಿಯಾಯಿತು, ಎರಡನೆಯ ಸಲ ಕಾಯುವ ವ್ಯವಧಾನ ಉಳಿಯಲಿಲ್ಲ. ಅವರ ಜಾಗಕ್ಕೆ ಬಂದ ಜೆರಾರ್ಡ್ ಸರಗೋಸ ಕೂಡ ತಂಡವನ್ನು ಮೇಲೆತ್ತಲಿಲ್ಲ. ಆ ವರ್ಷ ಬೆಂಗಳೂರು 12 ತಂಡಗಳಲ್ಲಿ ಹತ್ತನೆಯದು. ಆದರೆ ಅವರನ್ನು ಉಳಿಸಿಕೊಂಡರು. ಮರುವರ್ಷ ಮೂರನೆಯ ಸ್ಥಾನ, 2025ರ ಏಪ್ರಿಲ್‌ನಲ್ಲಿ ಕೋಲ್ಕತ್ತದ ಫೈನಲ್.

ಕಾಯಬೇಕು ಎನ್ನುವವರು ಎಲ್ಲ ಕಡೆಯೂ ಎತ್ತುವ ಹೆಸರು ಮ್ಯಾಂಚೆಸ್ಟರ್ ಯುನೈಟೆಡ್‌ನ ಅಲೆಕ್ಸ್ ಫರ್ಗುಸನ್. 1986ರಲ್ಲಿ ಬಂದ ಅವರನ್ನು ಮೂರು ವರ್ಷವಾದರೂ ಪ್ರಶಸ್ತಿ ಬಾರದ್ದಕ್ಕೆ 1989ರ ಕೊನೆಯಲ್ಲಿ ಸ್ವಂತ ಅಭಿಮಾನಿಗಳೇ ಬ್ಯಾನರ್ ಹಿಡಿದು ಹೋಗೆಂದಿದ್ದರು. 1990ರಲ್ಲಿ ಎಫ್‌ಎ ಕಪ್ ಬಂತು. 2013ರಲ್ಲಿ ನಿವೃತ್ತರಾಗುವ ಹೊತ್ತಿಗೆ 13 ಲೀಗ್ ಪ್ರಶಸ್ತಿಗಳು. ಒಳ್ಳೆಯ ಉದಾಹರಣೆಯೇ. ಆದರೆ ಕಾದೂ ಕಾದೂ ಕೆಟ್ಟ ಕ್ಲಬ್ಬುಗಳ ಹೆಸರು ಯಾರಿಗೂ ನೆನಪಿರುವುದಿಲ್ಲ ಎಂಬುದನ್ನೂ ಜೊತೆಗೆ ಹೇಳಬೇಕು. ಅಲ್ಲದೆ ಇಂಗ್ಲೆಂಡಿನಲ್ಲಿ ಸೋತವರು ಕೆಳಗಿನ ದರ್ಜೆಗೆ ಬೀಳುತ್ತಾರೆ. ಬೆಂಗಳೂರು ಹತ್ತನೆಯದಾದ ವರ್ಷ ಐಎಸ್‌ಎಲ್‌ನಲ್ಲಿ ಆ ಭಯವಿರಲಿಲ್ಲ. ಕಾಯುವುದಕ್ಕೆ ಇಲ್ಲಿ ಅವಕಾಶ ಹೆಚ್ಚು, ಆದರೂ ತಾಳ್ಮೆ ಹೆಚ್ಚಾಗಿ ಕಾಣಲಿಲ್ಲ. ಕಾರಣ ಊಹಿಸಬಹುದು: ಆಡಿಸುವವರು ಹಣ ಹಾಕಿದ ಸಂಸ್ಥೆಗಳು, ಇಪ್ಪತ್ತೈದು ಆಟಗಾರರನ್ನು ಒಮ್ಮೆಗೇ ಬದಲಿಸಲಾಗದು, ಒಬ್ಬ ಕೋಚ್‌ನನ್ನು ಬದಲಿಸಬಹುದು.

ಬೆಂಗಳೂರಿನಿಂದ ಹೋದ ಕ್ವಾದ್ರತ್ 2023ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. 2024ರ ಜನವರಿಯಲ್ಲಿ ಸೂಪರ್ ಕಪ್ ಗೆಲ್ಲಿಸಿ, ರಾಷ್ಟ್ರಮಟ್ಟದ ಪ್ರಶಸ್ತಿಗಾಗಿ ಆ ಕ್ಲಬ್ ಹನ್ನೆರಡು ವರ್ಷದಿಂದ ಕಾಯುತ್ತಿದ್ದುದನ್ನು ಕೊನೆಗಾಣಿಸಿದರು. ಅಭಿಮಾನಿಗಳ ಪಾಲಿಗೆ ದೇವರಾದರು. ಅದೇ ವರ್ಷದ ಸೆಪ್ಟೆಂಬರ್ 14ರಂದು ಹೊಸ ಐಎಸ್‌ಎಲ್‌ನ ಮೊದಲ ಪಂದ್ಯಕ್ಕೆ ಅವರ ತಂಡ ಕಂಠೀರವಕ್ಕೆ ಬಂತು. ಹದಿಹರೆಯದ ವಿನಿತ್ ವೆಂಕಟೇಶ್ ಹೊಡೆದ ಗೋಲಿನಿಂದ ಬೆಂಗಳೂರು 1–0ಯಿಂದ ಗೆದ್ದಿತು. ಈಸ್ಟ್ ಬೆಂಗಾಲ್ ಮುಂದಿನ ಎರಡು ಪಂದ್ಯಗಳನ್ನೂ ಸೋತಿತು. ಸೆಪ್ಟೆಂಬರ್ 30ರಂದು ಕ್ವಾದ್ರತ್ ರಾಜೀನಾಮೆ ಕೊಟ್ಟರು. ಸೂಪರ್ ಕಪ್ ಗೆದ್ದು ಆಗ ಎಂಟು ತಿಂಗಳಾಗಿತ್ತು.