ವಿಷ ಉಂಡು ಉಳಿದ ಕೋಶಗಳು ಮತ್ತು ಧಾರವಾಡದ ಹತ್ತಿ



ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವ ಹಳೆಯ ವಿದ್ಯಾರ್ಥಿನಿಯೊಬ್ಬಳು ಪತ್ರ ಬರೆದು, "ಸರ್, ನಾವು ದಿನವೂ ಸಸ್ತನಿಗಳ ಜೀವಕೋಶಗಳಿಗೆ ಆ್ಯಂಟಿಬಯೋಟಿಕ್ ಹಾಕಿ ಕೊಲ್ಲುತ್ತೇವೆ, ಇದರ ಚರಿತ್ರೆ ಬರೆಯಿರಿ" ಎಂದು ಕೇಳಿದ್ದಾಳೆ. ಈ ಕಥೆಯ ಒಂದು ಎಳೆ ನಮ್ಮ ಧಾರವಾಡದವರೆಗೂ ಬಂದಿರುವುದರಿಂದ ಎಲ್ಲರಿಗಾಗಿಯೂ ಬರೆಯುತ್ತಿದ್ದೇನೆ.

ಕೋಶಗಳಿಗೆ ಹೊಸ ಜೀನನ್ನು ಸೇರಿಸಿದಾಗ ಅದನ್ನು ತಮ್ಮ ವರ್ಣತಂತುವಿನಲ್ಲಿ ಶಾಶ್ವತವಾಗಿ ಹೆಣೆದುಕೊಳ್ಳುವಂಥವು ತೀರ ವಿರಳ. ಅವನ್ನು ಹೆಕ್ಕುವುದು ಹೇಗೆ? ಬೇಕಾದ ಜೀನಿನ ಜೊತೆಗೆ ವಿಷ ತಡೆಯುವ ಇನ್ನೊಂದು ಜೀನನ್ನು ಕಟ್ಟಿ ಕಳಿಸಿ, ಅನಂತರ ವಿಷ ಉಣಿಸುವುದು. ಪೆನಿಸಿಲಿನ್ ಇದಕ್ಕೆ ಬಾರದು. ಅದು ಬ್ಯಾಕ್ಟೀರಿಯಾದ ಕೋಶಗೋಡೆಯನ್ನು ಕೆಡಿಸುತ್ತದೆ, ನಮ್ಮ ಕೋಶಗಳಿಗೆ ಗೋಡೆಯೇ ಇಲ್ಲ! ಜಿ-418 ಎಂಬುದು ಪ್ರೋಟೀನು ತಯಾರಿಸುವ ರೈಬೋಸೋಮನ್ನೇ ಹಿಡಿಯುವುದರಿಂದ ಸಸ್ತನಿಯ ಕೋಶವೂ ಸಾಯುತ್ತದೆ. 1982ರಲ್ಲಿ ಪೀಟರ್ ಸದರ್ನ್ ಮತ್ತು ಪಾಲ್ ಬರ್ಗ್ ಅವರು ಬ್ಯಾಕ್ಟೀರಿಯಾದ 'ನಿಯೊ' ಜೀನನ್ನು ಸಸ್ತನಿ ಕೋಶಗಳಿಗೆ ಸೇರಿಸಿ, ಜಿ-418ರಿಂದ ಅವನ್ನು ಪಾರುಮಾಡಿ ತೋರಿಸಿದರು. ಈ ಜೀನಿನ ಕಿಣ್ವವು ಔಷಧಕ್ಕೆ ಫಾಸ್ಫೇಟ್ ತುಣುಕೊಂದನ್ನು ಅಂಟಿಸಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಒಂದೆರಡು ವಾರಗಳಲ್ಲಿ ಜೀನು ಪಡೆಯದವು ಸತ್ತು, ಪಡೆದವು ಉಳಿದು ವಂಶ ಬೆಳೆಸುತ್ತವೆ.

ಮರುವರ್ಷವೇ ಇದೇ ಜೀನು ಸಸ್ಯಗಳಿಗೂ ಹೋಯಿತು. ಅಲ್ಲಿ ವಿಷದ ಪಾತ್ರ ಕನಾಮೈಸಿನ್‌ನದು, ಜೀನಿಗೆ ಎನ್‌ಪಿಟಿ-2 ಎಂಬ ಹೆಸರು.

ಇನ್ನು ಧಾರವಾಡ. 1972ರಲ್ಲಿ ಬಿ. ಎಚ್. ಕತಾರಕಿಯವರ 'ವರಲಕ್ಷ್ಮಿ', 1981ರಲ್ಲಿ 'ಡಿಸಿಎಚ್-32', ಹೀಗೆ ಹೆಸರಾಂತ ಹತ್ತಿ ತಳಿಗಳನ್ನು ಕೊಟ್ಟ ಊರಿದು. ಇಲ್ಲಿಯ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 'ಬಿಕಾನೇರಿ ನರ್ಮಾ' ಎಂಬ ಹತ್ತಿಗೆ ಕಾಯಿಕೊರಕವನ್ನು ತಡೆಯುವ ಬಿಟಿ ಜೀನು ಸೇರಿಸಿ, ಕನಾಮೈಸಿನ್ ಸಾಣಿಗೆಯಲ್ಲಿ ಸಸಿಗಳನ್ನು ಆಯ್ದರು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯೂ ಕೈಜೋಡಿಸಿತ್ತು. 2008ರಲ್ಲಿ ಒಪ್ಪಿಗೆ ದೊರೆತು, 2009ರಲ್ಲಿ ಬೀಜ ರೈತರ ಕೈಸೇರಿತು. ಇದು ಹೈಬ್ರಿಡ್ ಅಲ್ಲ. ರೈತ ತನ್ನ ಬೆಳೆಯಿಂದಲೇ ಬೀಜ ಎತ್ತಿಟ್ಟುಕೊಂಡು ಮರುವರ್ಷ ಬಿತ್ತಬಹುದಾಗಿತ್ತು. ವರ್ಷವರ್ಷವೂ ಅಂಗಡಿಯಿಂದ ಬೀಜ ಕೊಳ್ಳುವವರಿಗೆ ಇದು ಎಂಥ ಆಸೆಯೆಂಬುದನ್ನು ಒಕ್ಕಲುತನದ ಮನೆಯವರಿಗೆ ಹೇಳಬೇಕಾಗಿಲ್ಲ.

ಆದರೆ ಆ ಬೀಜದಲ್ಲಿ ಮಾನ್ಸಾಂಟೊ ಕಂಪನಿಯ 'ಮಾನ್-531' ಹತ್ತಿಯ ಅಂಶ ಕಂಡುಬಂದು, ಮಾರಾಟ ನಿಂತುಹೋಯಿತು. ಸುಧೀರ್ ಸೋಪೋರಿಯವರ ಸಮಿತಿಯು ವಿಚಾರಣೆಯನ್ನೂ ನಡೆಸಿತು. ಅದು ಹೇಗೆ ಸೇರಿತೆಂಬ ವಾದಕ್ಕೆ ನಾನು ಇಳಿಯುವುದಿಲ್ಲ. ನನ್ನ ಗಮನ ಸೆಳೆಯುವ ಸಂಗತಿ ಬೇರೆ: ಮಾನ್-531ರಲ್ಲಿಯೂ ಇರುವುದು ಅದೇ ಎನ್‌ಪಿಟಿ-2. ಕನಾಮೈಸಿನ್ ಉಣಿಸಿದರೆ ಎರಡೂ ಉಳಿಯುತ್ತವೆ! ವಿಷವು 'ಜೀನು ಇದೆಯೇ' ಎಂಬುದನ್ನಷ್ಟೇ ಕೇಳುತ್ತದೆ, 'ನೀನು ಯಾರ ಮಗ' ಎಂದು ಕೇಳುವುದಿಲ್ಲ. ಅದನ್ನು ತಿಳಿಯಲು ಜೀನು ವರ್ಣತಂತುವಿನಲ್ಲಿ ಎಲ್ಲಿ ಕೂತಿದೆಯೆಂಬುದನ್ನು ಪಿಸಿಆರ್‌ನಿಂದ ಓದಬೇಕು. ಆ ಪರೀಕ್ಷೆ ಬಿತ್ತನೆಗೆ ಮೊದಲು ಆಗಬೇಕಾದದ್ದು. ಬೀಜ ಮಾರಿದ ಮೇಲೆ ಗೊತ್ತಾದದ್ದು ರೈತರ ಪಾಲಿನ ನಷ್ಟವೆಂದೇ ನನ್ನ ಭಾವನೆ.

ಸಸ್ತನಿ ಕೋಶಗಳ ಲೋಕವೂ ಇಂಥ ಪೆಟ್ಟು ತಿಂದಿದೆ. 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಪರೀಕ್ಷಿಸಿದಾಗ, ಬೇರೆ ಬೇರೆ ಹೆಸರು ಹೊತ್ತ ಅನೇಕ ಕೋಶವಂಶಗಳು ನಿಜದಲ್ಲಿ ಹೀಲಾ ಕೋಶಗಳೇ ಎಂದು ತಿಳಿದುಬಂತು. ಆದ್ದರಿಂದಲೇ ಈಗ ವಿಷದಿಂದ ಉಳಿದ ಕೋಶಗಳಲ್ಲಿ ಒಂದೊಂದನ್ನೇ ಬೇರ್ಪಡಿಸಿ ಬೆಳೆಸುತ್ತಾರೆ, ಕೆಲವು ವಾರ ವಿಷವಿಲ್ಲದೆ ಇಟ್ಟು ಜೀನು ನಿಲ್ಲುತ್ತದೆಯೇ ಎಂದು ನೋಡುತ್ತಾರೆ, ಡಿಎನ್‌ಎ ಗುರುತನ್ನು ಮೂಲದೊಡನೆ ತಾಳೆಹಾಕುತ್ತಾರೆ.