ಹಿತ್ತಲ ಗಿಡ ಮದ್ದಾದ ಕಥೆ

"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆ ನಮಗೆಲ್ಲ ಗೊತ್ತಿರುವುದೇ. ಮನೆಯ ಹಿಂದೆ ತಾನಾಗಿ ಬೆಳೆದ ತುಂಬೆ, ದೊಡ್ಡಪತ್ರೆಗಳಿಗೆ ಬೆಲೆಯಿಲ್ಲ. ಪೇಟೆಯಿಂದ ದುಡ್ಡು ಕೊಟ್ಟು ತಂದ ಸೀಸೆಗೇ ಮರ್ಯಾದೆ. ವೈದ್ಯನಾದ ನಾನು ಈ ಗಾದೆಯ ಪರವಾಗಿಯೂ ವಿರೋಧವಾಗಿಯೂ ಬೇಕಾದಷ್ಟು ಮಾತಾಡಬಲ್ಲೆ. ಆದರೆ ಇಂದು ಹೇಳಹೊರಟಿರುವುದು ಗಿಡಮೂಲಿಕೆಯ ವಿಷಯವಲ್ಲ. ನಾವು ಬಂದು ನೆಲೆಸಿರುವ ಈ ಅಮೆರಿಕದಲ್ಲಿ, ಸರ್ಕಾರಿ ಆಸ್ಪತ್ರೆಗಳ ಕಂಪ್ಯೂಟರ್ ವಿಷಯದಲ್ಲಿ, ಈ ಗಾದೆ ಅಕ್ಷರಶಃ ನಡೆದುಹೋಗಿದೆ. ನಮ್ಮ ಕೂಟದಲ್ಲಿ ಮನೆಗೊಬ್ಬರು ಸಾಫ್ಟ್‌ವೇರಿನವರು, ಡಾಕ್ಟರುಗಳಿಗೂ ಕಡಿಮೆಯಿಲ್ಲ. ಇಬ್ಬರಿಗೂ ಬೇಕಾದ ಇತಿಹಾಸವಿದು.

ಮೊದಲು ಒಂದು ಮಾತು, ಕಂಪ್ಯೂಟರ್ ಎಂದರೆ ಮಾರು ದೂರ ಸರಿಯುವ ಹಿರಿಯರಿಗಾಗಿ. ಅಂಗಡಿಯಲ್ಲಿ ಸಿಗುವ ಸಾರಿನ ಪುಡಿಯ ಪೊಟ್ಟಣದಿಂದ ಸಾರು ಮಾಡಬಹುದು. ಆದರೆ ಅದಕ್ಕೆ ಏನೇನು ಹಾಕಿದ್ದಾರೆ, ಎಷ್ಟು ಹುರಿದಿದ್ದಾರೆ ತಿಳಿಯದು. ಅಮ್ಮ ಅಳತೆ ಸಮೇತ ಬರೆದುಕೊಟ್ಟ ಚೀಟಿಯಿದ್ದರೆ ಖಾರ ಹೆಚ್ಚಿಸಬಹುದು, ಮೆಂತ್ಯ ಕಡಿಮೆ ಮಾಡಬಹುದು, ಪಕ್ಕದ ಮನೆಯವರಿಗೂ ಬರೆದುಕೊಡಬಹುದು. ಸಾಫ್ಟ್‌ವೇರಿನಲ್ಲಿಯೂ ಹೀಗೆ ಎರಡು ಬಗೆ. ಕಂಪನಿಯವರು ಮುಚ್ಚಿಟ್ಟುಕೊಂಡು ಮಾರುವುದು ಒಂದು. ಬರೆದ ಮೂಲವನ್ನೇ, ಅಂದರೆ ಸೋರ್ಸ್ ಕೋಡನ್ನೇ, ಎಲ್ಲರ ಕೈಗೆ ಕೊಡುವುದು ಇನ್ನೊಂದು. ಈ ಎರಡನೆಯದಕ್ಕೆ ಓಪನ್ ಸೋರ್ಸ್ ಎಂಬ ಹೆಸರು ಬಂದದ್ದು 1998ರಲ್ಲಿ. ರಿಚರ್ಡ್ ಸ್ಟಾಲ್ಮನ್ ಮುಕ್ತ ತಂತ್ರಾಂಶಕ್ಕಾಗಿ ಗ್ನೂ ಯೋಜನೆಯನ್ನು ಸಾರಿದ್ದು 1983ರಲ್ಲಿ. ನಾನು ಹೇಳುವ ಕಥೆ ಅದಕ್ಕೂ ಹಿಂದಿನದು.

1966ರ ಸುಮಾರಿಗೆ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಡಾ. ಆಕ್ಟೋ ಬಾರ್ನೆಟ್ ಎಂಬ ಹೃದ್ರೋಗ ತಜ್ಞರ ಪ್ರಯೋಗಾಲಯವಿತ್ತು. ರೋಗಿಗಳ ವಿವರವನ್ನು ಕಂಪ್ಯೂಟರಿನಲ್ಲಿಡಲು ಆಗಿನ ಭಾಷೆಗಳು ಹೊಂದುತ್ತಿರಲಿಲ್ಲ. ಅವು ಲೆಕ್ಕಕ್ಕೆ ಹುಟ್ಟಿದವು. ಆಸ್ಪತ್ರೆಗೆ ಬೇಕಾದದ್ದು ಅಕ್ಷರ, ಟಿಪ್ಪಣಿ, ಒಬ್ಬರಿಗೆ ಎರಡು ಸಾಲು, ಇನ್ನೊಬ್ಬರಿಗೆ ಇನ್ನೂರು ಸಾಲು. ಅಲ್ಲಿದ್ದ ನೀಲ್ ಪಪ್ಪಲಾರ್ಡೊ ಮತ್ತು ಸಂಗಡಿಗರು ಒಂದು ಹೊಸ ಭಾಷೆಯನ್ನೇ ಕಟ್ಟಿದರು. ಅದಕ್ಕೆ ಬಂದ ಹೆಸರು ಮಂಪ್ಸ್! ಆಸ್ಪತ್ರೆಯ ಹೆಸರೂ ಸೇರಿದ್ದ ಒಂದು ಉದ್ದ ಹೆಸರಿನ ಮೊದಲಕ್ಷರಗಳಿಂದ ಹುಟ್ಟಿದ ಹೆಸರೇ ಹೊರತು ಮಂಗನಬಾವಿಗೂ ಅದಕ್ಕೂ ಸಂಬಂಧವಿಲ್ಲ. ಹೆಸರು ಕೇಳಿ ನಕ್ಕವರು ಬಹಳ. ಆದರೆ ಇಂದಿಗೂ ಈ ದೇಶದ ಅನೇಕ ದೊಡ್ಡ ಆಸ್ಪತ್ರೆಗಳ ದಾಖಲೆ ಅದೇ ಭಾಷೆಯ ವಂಶದ ಮೇಲೆ ನಿಂತಿದೆ.

ಇನ್ನು ಮಾಜಿ ಸೈನಿಕರ ಇಲಾಖೆಯ ವಿಷಯ. ಇದನ್ನು ಎಲ್ಲರೂ ವಿ.ಎ. ಎಂದೇ ಕರೆಯುತ್ತಾರೆ. ದೇಶದುದ್ದಕ್ಕೂ ಸುಮಾರು 170 ಆಸ್ಪತ್ರೆಗಳುಳ್ಳ ಇಲಾಖೆ. 1970ರ ದಶಕದಲ್ಲಿ ಅಲ್ಲಿ ಕಂಪ್ಯೂಟರ್ ಎಂದರೆ ಕೇಂದ್ರ ಕಚೇರಿಯ ಸೊತ್ತು. ದೊಡ್ಡ ಯಂತ್ರ, ದೊಡ್ಡ ಗುತ್ತಿಗೆ. ವಾರ್ಡಿನಲ್ಲಿ ರೋಗಿಯನ್ನು ನೋಡುವವನಿಗೆ ಅದರಿಂದ ಪ್ರಯೋಜನ ಅಷ್ಟಕ್ಕಷ್ಟೆ. 1977-78ರಲ್ಲಿ ಟೆಡ್ ಓನೀಲ್ ಮತ್ತು ಮಾರ್ಟಿನ್ ಜಾನ್ಸನ್ ಎಂಬಿಬ್ಬರು ಇಲಾಖೆಗೆ ಬಂದು ಬೇರೊಂದು ದಾರಿ ಹಿಡಿದರು. ಆಸ್ಪತ್ರೆಗೊಂದು ಸಣ್ಣ ಕಂಪ್ಯೂಟರ್, ಅದರಲ್ಲಿ ಮಂಪ್ಸ್ ಭಾಷೆ; ಪ್ರೋಗ್ರಾಮ್ ಬರೆಯುವವರು ಡಾಕ್ಟರು, ನರ್ಸು, ಫಾರ್ಮಸಿಯವರ ಪಕ್ಕದಲ್ಲೇ ಕುಳಿತು ಬರೆಯಬೇಕು. ಒಂದು ಊರಿನಲ್ಲಿ ಬರೆದದ್ದು ಚೆನ್ನಾಗಿದ್ದರೆ ಇನ್ನೊಂದು ಊರಿನವರು ತಗೊಳ್ಳಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ಜಾರ್ಜ್ ಟಿಮ್ಸನ್ ಬರೆದ ಫೈಲ್‌ಮ್ಯಾನ್ ಎಂಬ ಪ್ರೋಗ್ರಾಮು ಇದಕ್ಕೆಲ್ಲ ಅಡಿಪಾಯವಾಯಿತು.

ಕೇಂದ್ರ ಕಚೇರಿಗೆ ಇದು ಸರಿಬರಲಿಲ್ಲ. 1979ರಲ್ಲಿ ಅವರ ವಿಭಾಗವನ್ನೇ ಮುಚ್ಚಿದರು. ಓನೀಲ್ ಕೆಲಸ ಕಳೆದುಕೊಂಡರು. ಕೆಲವರನ್ನು ಮೂಲೆಗುಂಪು ಮಾಡಿದರು, ಕೆಲವು ಕಡೆ ಕಂಪ್ಯೂಟರುಗಳನ್ನೇ ಕಿತ್ತುಕೊಂಡರು. ಆದರೂ ಊರೂರಿನ ಆಸ್ಪತ್ರೆಗಳಲ್ಲಿದ್ದವರು ಗುಟ್ಟಾಗಿ ಬರೆಯುತ್ತಲೇ ಇದ್ದರು, ಬರೆದದ್ದನ್ನು ಒಬ್ಬರಿಗೊಬ್ಬರು ದಾಟಿಸುತ್ತಲೇ ಇದ್ದರು. ತಮ್ಮ ಈ ಜಾಲಕ್ಕೆ ಅವರು ಹೆಮ್ಮೆಯಿಂದ ಇಟ್ಟುಕೊಂಡ ಹೆಸರು "ಅಂಡರ್‌ಗ್ರೌಂಡ್ ರೈಲ್‌ರೋಡ್". ಹಿಂದೆ ಗುಲಾಮರು ದಕ್ಷಿಣದಿಂದ ಉತ್ತರಕ್ಕೆ ತಪ್ಪಿಸಿಕೊಂಡು ಹೋಗಲು ನೆರವಾಗುತ್ತಿದ್ದ ಗುಪ್ತ ಜಾಲದ ಹೆಸರು ಅದು; ಮಕ್ಕಳು ಶಾಲೆಯಲ್ಲಿ ಓದಿರುತ್ತಾರೆ.

1981ರಲ್ಲಿ ಇಲಾಖೆಯ ಮುಖ್ಯ ವೈದ್ಯಾಧಿಕಾರಿ ಡಾ. ಡೊನಾಲ್ಡ್ ಕಸ್ಟಿಸ್ ಈ ಕೆಲಸವನ್ನು ಕಣ್ಣಾರೆ ಕಂಡು ಬೆರಗಾದರು. ಆಗ ಉಪ ಆಡಳಿತಾಧಿಕಾರಿಯಾಗಿದ್ದ ಚಕ್ ಹೇಗಲ್ ಸಹ ಬೆಂಬಲಕ್ಕೆ ನಿಂತರು. (ಮುಂದೆ ಸೆನೆಟರ್ ಆಗಿ, 2013ರಿಂದ 2015ರವರೆಗೆ ರಕ್ಷಣಾ ಕಾರ್ಯದರ್ಶಿಯಾಗಿದ್ದವರು ಇವರೇ.) 1982ರಲ್ಲಿ ಆಡಳಿತಾಧಿಕಾರಿ ರಾಬರ್ಟ್ ನಿಮ್ಮೊ ಅವರ ಆದೇಶದಿಂದ ಹಿತ್ತಲ ಗಿಡಕ್ಕೆ ಅಂಗಳದಲ್ಲಿ ಜಾಗ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಅದು ಇಲಾಖೆಯ ಆಸ್ಪತ್ರೆಗಳಲ್ಲೆಲ್ಲ ಹಬ್ಬಿತು. 1990ರ ದಶಕದ ನಡುವೆ ಅದಕ್ಕೆ ವಿಸ್ಟಾ ಎಂದು ನಾಮಕರಣವಾಯಿತು.

ಇಲ್ಲಿ ಕಾನೂನಿನ ಒಂದು ಅಂಶವನ್ನು ಗಮನಿಸಬೇಕು. ಈ ದೇಶದ ಕೇಂದ್ರ ಸರ್ಕಾರದ ನೌಕರರು ತಮ್ಮ ಕೆಲಸದ ಭಾಗವಾಗಿ ಬರೆದದ್ದಕ್ಕೆ ಇಲ್ಲಿ ಕಾಪಿರೈಟ್ ಇಲ್ಲ, ಅದು ಸಾರ್ವಜನಿಕರದ್ದು. ಆದ್ದರಿಂದ ಮಾಹಿತಿ ಹಕ್ಕಿನ ಕಾಯಿದೆಯಡಿ ಯಾರು ಬೇಕಾದರೂ ಅರ್ಜಿ ಹಾಕಿ ವಿಸ್ಟಾದ ಮೂಲವನ್ನು ಪಡೆಯಬಹುದಾಗಿತ್ತು. ಇಲ್ಲಿನ ಮೂಲನಿವಾಸಿಗಳ ಆರೋಗ್ಯ ಸೇವೆಯ ವ್ಯವಸ್ಥೆ ಇದರಿಂದಲೇ ಬೆಳೆಯಿತು. ಜೋರ್ಡಾನ್ ದೇಶ 2009ರಲ್ಲಿ ಆರಂಭಿಸಿದ ಹಕೀಮ್ ಯೋಜನೆಗೂ ಇದೇ ಬುನಾದಿ.

ಹೆಸರಿಗೆ ಮಾತ್ರ ಮುಕ್ತವಾಗಿತ್ತೇ, ಕೆಲಸಕ್ಕೂ ಬಂತೇ? ನಾನು ಊರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಇಲ್ಲಿ ರೆಸಿಡೆನ್ಸಿಗೆ ಸೇರಿದಾಗ ನಮ್ಮ ಸರದಿ ಎರಡು ಕಡೆ ಇರುತ್ತಿತ್ತು. ಒಂದು ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ರೋಗಿ ಬಂದರೆ ಹಳೆಯ ಚಾರ್ಟು ನೆಲಮಾಳಿಗೆಯಿಂದ ಬರುವಷ್ಟರಲ್ಲಿ ಬೆಳಗಾಗುತ್ತಿತ್ತು. ವಿ.ಎ.ಯಲ್ಲಿ ಹಳೆಯ ಟಿಪ್ಪಣಿ, ಔಷಧಿ, ಅಲರ್ಜಿ, ರಕ್ತಪರೀಕ್ಷೆ ಎಲ್ಲವೂ ಒಂದೇ ಪರದೆಯ ಮೇಲೆ. ನೋಡಲು ಏನೇನೂ ಚಂದವಿಲ್ಲದ ಪರದೆ; ಆದರೆ ಬೇಕಾದದ್ದು ಬೇಕಾದಲ್ಲಿ ಇರುತ್ತಿತ್ತು. ಈ ದೇಶದ ಅರ್ಧಕ್ಕಿಂತ ಹೆಚ್ಚು ವೈದ್ಯರು ತಮ್ಮ ತರಬೇತಿಯ ಸ್ವಲ್ಪ ಕಾಲವನ್ನಾದರೂ ವಿ.ಎ.ಯಲ್ಲಿ ಕಳೆದವರು, ಕೇಳಿ ನೋಡಿ, ಇದೇ ಮಾತು ಹೇಳುತ್ತಾರೆ.

ಕೆಳಗಿನಿಂದ ಬಂದ ಸುಧಾರಣೆಗೆ ಒಂದು ಉದಾಹರಣೆ ಕೊಡುತ್ತೇನೆ. ಕ್ಯಾನ್ಸಸ್ ರಾಜ್ಯದ ಟೊಪೀಕಾ ಆಸ್ಪತ್ರೆಯಲ್ಲಿ ಸೂ ಕಿನ್ನಿಕ್ ಎಂಬ ನರ್ಸ್ ಇದ್ದರು. 1990ರ ದಶಕದ ಆರಂಭದಲ್ಲಿ ಆಕೆ ಬಾಡಿಗೆ ಕಾರನ್ನು ಹಿಂದಿರುಗಿಸುವಾಗ ಅಲ್ಲಿನ ಕೆಲಸಗಾರ ಕೈಯಲ್ಲಿದ್ದ ಯಂತ್ರದಿಂದ ಬಾರ್‌ಕೋಡ್ ಓದಿ ಕ್ಷಣದಲ್ಲಿ ಲೆಕ್ಕ ಮುಗಿಸಿದ್ದನ್ನು ನೋಡಿದರು. ಕಾರಿಗೆ ಇಷ್ಟು ಎಚ್ಚರಿಕೆಯಿರುವಾಗ ರೋಗಿಗೆ ಕೊಡುವ ಮಾತ್ರೆಗೆ ಏಕಿರಬಾರದು? ರೋಗಿಯ ಕೈಪಟ್ಟಿಗೊಂದು ಕೋಡು, ಔಷಧಿಗೊಂದು ಕೋಡು. ಎರಡೂ ಹೊಂದಿದರೆ ಮಾತ್ರ ಮಾತ್ರೆ. ಟೊಪೀಕಾದಲ್ಲೇ ಮೊದಲು ಪ್ರಯೋಗವಾಗಿ ಆ ದಶಕ ಮುಗಿಯುವ ಹೊತ್ತಿಗೆ ಅದು ಇಲಾಖೆಯಲ್ಲೆಲ್ಲ ಹರಡತೊಡಗಿತು. ಒಬ್ಬ ನರ್ಸಿನ ಮಾತನ್ನು ಪ್ರೋಗ್ರಾಮಾಗಿ ಬದಲಿಸಬಲ್ಲವರು ಅದೇ ಇಲಾಖೆಯಲ್ಲಿದ್ದರು, ಕೋಡು ಅವರ ಕೈಯಲ್ಲೇ ಇತ್ತು.

2005ರ ಆಗಸ್ಟಿನಲ್ಲಿ ಕತ್ರೀನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ ಅಲ್ಲಿನ ಕ್ಲಿನಿಕ್ಕುಗಳ ಕಾಗದದ ದಾಖಲೆಗಳೆಷ್ಟೋ ನೀರುಪಾಲಾದವು. ವಿ.ಎ. ರೋಗಿಗಳ ದಾಖಲೆಯ ಪ್ರತಿಯನ್ನು ಟೇಪಿನಲ್ಲಿ ಹ್ಯೂಸ್ಟನ್ನಿಗೆ ಒಯ್ದರು. ಊರು ಬಿಟ್ಟು ಚೆದುರಿದ ಮಾಜಿ ಸೈನಿಕರಿಗೆ ಕೆಲವೇ ದಿನಗಳಲ್ಲಿ ಬೇರೆ ಊರುಗಳಲ್ಲಿ ಅದೇ ಔಷಧಿ ಸಿಕ್ಕಿತು. ಮರುವರ್ಷ, 2006ರಲ್ಲಿ, ಹಾರ್ವರ್ಡಿನ ಕೆನಡಿ ಸ್ಕೂಲ್ ಸರ್ಕಾರಿ ಹೊಸಶೋಧಗಳಿಗೆ ಕೊಡುವ ಪ್ರಶಸ್ತಿ ವಿಸ್ಟಾಕ್ಕೆ ಬಂತು.

ಕಥೆ ಇಲ್ಲಿಗೇ ಮುಗಿದಿದ್ದರೆ ಶುಭಂ ಎಂದು ಬರೆದುಬಿಡಬಹುದಿತ್ತು. ಆದರೆ ಗಿಡಕ್ಕೆ ನೀರು ಹಾಕುವುದು ಆಗಲೇ ಕಡಿಮೆಯಾಗಿತ್ತು. 2000ದ ದಶಕದಲ್ಲಿ ಕಂಪ್ಯೂಟರ್ ವಿಭಾಗವನ್ನು ಮತ್ತೆ ಕೇಂದ್ರದ ಹಿಡಿತಕ್ಕೆ ತೆಗೆದುಕೊಂಡರು. ಆಸ್ಪತ್ರೆಗಳಲ್ಲಿ ಕುಳಿತು ಬರೆಯುತ್ತಿದ್ದವರ ಕೈ ಕಟ್ಟಿತು. ಊರಿಗೊಂದು ತರಹ ಬದಲಾಗಿದ್ದ ವಿಸ್ಟಾದ ನೂರಕ್ಕೂ ಹೆಚ್ಚು ಪ್ರತಿಗಳನ್ನು ಒಂದಕ್ಕೊಂದು ಹೊಂದಿಸುವುದು ಕಷ್ಟವಾಯಿತು, ಮಂಪ್ಸ್ ಬಲ್ಲವರು ನಿವೃತ್ತರಾಗುತ್ತಾ ಬಂದರು. ವಿಸ್ಟಾ ಹಳೆಯದಾಯಿತು ಎಂಬ ಟೀಕೆಯಲ್ಲಿ ಸತ್ಯವಿಲ್ಲದಿರಲಿಲ್ಲ. ಆದರೆ ಆರೈಕೆ ನಿಲ್ಲಿಸಿದವರೇ ಗಿಡ ಸೊರಗಿತೆಂದು ದೂರಿದರು ಎಂಬುದೂ ಸತ್ಯ.

2017ರ ಜೂನಿನಲ್ಲಿ ಆಗಿನ ಕಾರ್ಯದರ್ಶಿ ಡಾ. ಡೇವಿಡ್ ಶುಲ್ಕಿನ್ ವಿಸ್ಟಾವನ್ನು ಬಿಟ್ಟು ಸರ್ನರ್ ಕಂಪನಿಯ ವ್ಯವಸ್ಥೆಗೆ ಹೋಗುವ ನಿರ್ಧಾರ ಪ್ರಕಟಿಸಿದರು. ಸೈನ್ಯದವರೂ ಅದನ್ನೇ ಆರಿಸಿಕೊಂಡಿದ್ದರಿಂದ, ಸೈನಿಕ ನಿವೃತ್ತನಾದಾಗ ಅವನ ದಾಖಲೆ ಅಡೆತಡೆಯಿಲ್ಲದೆ ಬರಲಿ ಎಂಬುದು ಅವರ ಕಾರಣ, ಕಾರಣ ತಪ್ಪಲ್ಲ. 2018ರ ಮೇ ತಿಂಗಳಲ್ಲಿ ಹತ್ತು ವರ್ಷಕ್ಕೆ ಸುಮಾರು 1000 ಕೋಟಿ ಡಾಲರಿನ ಗುತ್ತಿಗೆಯಾಯಿತು. 2022ರ ಒಂದು ಅಂದಾಜು 28 ವರ್ಷಗಳ ಒಟ್ಟು ಖರ್ಚನ್ನು ಸುಮಾರು 5000 ಕೋಟಿ ಡಾಲರಿಗೆ ಏರಿಸಿತು.

2020ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ ರಾಜ್ಯದ ಸ್ಪೋಕೇನಿನಲ್ಲಿ ಹೊಸ ವ್ಯವಸ್ಥೆ ಶುರುವಾಯಿತು. ಅಲ್ಲಿ ನಡೆದದ್ದನ್ನು ಇಲಾಖೆಯ ತನಿಖಾಧಿಕಾರಿಗಳು 2022ರ ಜುಲೈಯಲ್ಲಿ ವರದಿ ಮಾಡಿದರು. ವೈದ್ಯರು ಬರೆದ ಆದೇಶ ಯಾವ ವಿಭಾಗಕ್ಕೆ ಹೋಗಬೇಕೆಂದು ಕಂಪ್ಯೂಟರಿಗೆ ತಿಳಿಯದಿದ್ದಾಗ ಅದು "ಗೊತ್ತಿಲ್ಲದ ಸಾಲು" ಎಂಬರ್ಥದ ಹೆಸರಿನ ಒಂದು ಮೂಲೆಗೆ ಹೋಗಿ ಬೀಳುತ್ತಿತ್ತು. ಬರೆದ ವೈದ್ಯರಿಗೆ ಸುಳಿವೇ ಇಲ್ಲ! ಸ್ಕ್ಯಾನು, ರಕ್ತಪರೀಕ್ಷೆ, ತಜ್ಞರ ಭೇಟಿ, ಹೀಗೆ 11,000ಕ್ಕೂ ಹೆಚ್ಚು ಆದೇಶಗಳು ಅಲ್ಲಿ ಬಿದ್ದಿದ್ದವು. 149 ಪ್ರಸಂಗಗಳಲ್ಲಿ ರೋಗಿಗಳಿಗೆ ಹಾನಿಯಾಗಿತ್ತು. ಆತ್ಮಹತ್ಯೆಯ ಅಪಾಯವಿದ್ದ, ಮನೆಯಿಲ್ಲದ ಒಬ್ಬ ಮಾಜಿ ಸೈನಿಕನಿಗೆ ಮನೋವೈದ್ಯರ ಮುಂದಿನ ಭೇಟಿ ಬರೆದದ್ದೂ ಹೀಗೇ ಕಳೆದುಹೋಗಿತ್ತು. ಆತ ಕೊನೆಗೆ ಸಹಾಯವಾಣಿಗೆ ಫೋನ್ ಮಾಡಿದ್ದರಿಂದ ತುರ್ತು ಸಿಬ್ಬಂದಿ ಹೋಗಿ ಉಳಿಸಿದರು. ಇಂಥದೊಂದು ಮೂಲೆ ಇದೆಯೆಂಬುದನ್ನೇ ಕಂಪನಿ ಇಲಾಖೆಗೆ ಮುಂಚೆ ತಿಳಿಸಿರಲಿಲ್ಲ ಎಂದು ಆ ವರದಿ ಹೇಳುತ್ತದೆ. 2022ರ ಜೂನಿನಲ್ಲಿ ಸರ್ನರ್ ಕಂಪನಿಯನ್ನು ಒರೇಕಲ್ ಕೊಂಡುಕೊಂಡಿತು. 2023ರ ಏಪ್ರಿಲಿನಲ್ಲಿ ಇಲಾಖೆ ಹೊಸ ಆಸ್ಪತ್ರೆಗಳಿಗೆ ವಿಸ್ತರಿಸುವುದನ್ನು ತಡೆಹಿಡಿಯಿತು. 2026ರಲ್ಲಿ ಮಿಶಿಗನ್ ರಾಜ್ಯದ ನಾಲ್ಕು ಕಡೆ ಮತ್ತೆ ಆರಂಭಿಸುವುದಾಗಿ 2024ರ ಕೊನೆಯಲ್ಲಿ ಪ್ರಕಟಿಸಿತು.

ಕೋಡು ಬಹಿರಂಗವಾಗಿದ್ದ ಮಾತ್ರಕ್ಕೆ ತಪ್ಪಾಗುವುದಿಲ್ಲ ಎಂದರೆ ನಮ್ಮ ಎಂಜಿನಿಯರ್ ಮಿತ್ರರು ನಗುತ್ತಾರೆ. ವಿಸ್ಟಾದಲ್ಲಿಯೂ ತಪ್ಪುಗಳಿದ್ದವು. ನನ್ನ ಅಭಿಪ್ರಾಯ ಇಷ್ಟೇ: ತಪ್ಪು ಮೊದಲು ಕಾಣುವುದು ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತವರಿಗೆ. ಅವರ ಮಾತು ಕೋಡು ಬರೆಯುವವನಿಗೆ ಎಷ್ಟು ದಿನದಲ್ಲಿ ಮುಟ್ಟುತ್ತದೆ, ಮುಟ್ಟಿದ ಮೇಲೆ ತಿದ್ದುವ ಅಧಿಕಾರ ಯಾರಿಗಿದೆ, ಇದರ ಮೇಲೆ ಜೀವಗಳು ನಿಂತಿವೆ. ಔಷಧಿಯ ಸೀಸೆಯ ಮೇಲೆ ಒಳಗೇನಿದೆ ಎಂದು ಬರೆಯಲೇಬೇಕೆಂಬ ಕಾನೂನಿದೆ. ಆ ಔಷಧಿಯನ್ನು ಯಾರಿಗೆ, ಎಷ್ಟು ಎಂದು ನಿರ್ಧರಿಸುವ ಸಾಫ್ಟ್‌ವೇರನ್ನು ಮಾತ್ರ ಒಳಗೆ ನೋಡುವ ಹಾಗಿಲ್ಲ ಎನ್ನುವುದು ನನಗೆ ಒಪ್ಪಿಗೆಯಾಗದ ಮಾತು.

ಇದು ನಮ್ಮೂರಿಗೂ ಸಂಬಂಧಪಟ್ಟದ್ದೇ. 2021ರಲ್ಲಿ ಭಾರತದಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡವರಿಗೆ ಸಿಕ್ಕ ಪ್ರಮಾಣಪತ್ರದ ಹಿಂದೆ ಡೈವೋಕ್ ಎಂಬ ಮುಕ್ತ ತಂತ್ರಾಂಶವಿತ್ತು. ಅದನ್ನು ರೂಪಿಸಿದ್ದು ಬೆಂಗಳೂರಿನ ಇ-ಗವರ್ನಮೆಂಟ್ಸ್ ಫೌಂಡೇಶನ್. ಶ್ರೀಲಂಕಾ, ಫಿಲಿಪ್ಪೀನ್ಸ್ ದೇಶಗಳೂ ಅದನ್ನು ತೆಗೆದುಕೊಂಡು ಬಳಸಿದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನನ್ನು ದೇಶಾದ್ಯಂತ ಆರಂಭಿಸಿತು. ಊರಿನಲ್ಲಿರುವ ನಮ್ಮ ಅಪ್ಪ ಅಮ್ಮಂದಿರ ಹೆಸರಿನಲ್ಲಿ 14 ಅಂಕಿಯ ಆರೋಗ್ಯ ಸಂಖ್ಯೆ ಈಗಾಗಲೇ ಆಗಿರಬಹುದು. ಪ್ಲಾಸ್ಟಿಕ್ ಚೀಲದಲ್ಲಿ ಎಕ್ಸ್‌ರೇ, ಚೀಟಿಗಳನ್ನು ತುಂಬಿಕೊಂಡು ಡಾಕ್ಟರಿಂದ ಡಾಕ್ಟರಿಗೆ ಅಲೆಯುವುದು ತಪ್ಪಿದರೆ ಅದಕ್ಕಿಂತ ಬೇರೆ ಸಂತೋಷವಿಲ್ಲ. ಆದರೆ ಆ ಆಸ್ಪತ್ರೆಗಳು ಬಳಸುವ ಸಾಫ್ಟ್‌ವೇರ್ ಯಾರದ್ದು, ಕಂಪನಿ ಮುಚ್ಚಿದರೆ ದಾಖಲೆಯ ಗತಿಯೇನು ಎಂದು ಈಗಲೇ ಕೇಳಬೇಕು.

ಕೊನೆಯದಾಗಿ ಓದುಗರಲ್ಲಿ ಎರಡು ವಿನಂತಿ. ಈ ದೇಶದಲ್ಲಿ 2021ರ ಏಪ್ರಿಲಿನಿಂದ ನಮ್ಮ ವೈದ್ಯರು ಬರೆದ ಟಿಪ್ಪಣಿಗಳನ್ನು ನಾವೇ ಕಂಪ್ಯೂಟರಿನಲ್ಲಿ ಉಚಿತವಾಗಿ ಓದಬಹುದು. ಮುಂದಿನ ಸಲ ಪರೀಕ್ಷೆಗೆ ಬರೆದುಕೊಟ್ಟಾಗ ಆದೇಶ ತಲುಪಿತೇ ಎಂದು ನೋಡಿ. ವಾರವಾದರೂ ಯಾರೂ ಕರೆಯದಿದ್ದರೆ ಫೋನ್ ಮಾಡಲು ಸಂಕೋಚಪಡಬೇಡಿ. ಇನ್ನು ಕಂಪ್ಯೂಟರ್ ಓದುತ್ತಿರುವ ನಮ್ಮ ಮಕ್ಕಳಿಗೆ: ವಿಸ್ಟಾದ ಕೋಡು ಇಂದಿಗೂ ಬಹಿರಂಗವಾಗಿಯೇ ಇದೆ, ಯಾರ ಅಪ್ಪಣೆಯೂ ಬೇಡ. ಬಿಡುವಿದ್ದಾಗ ತೆರೆದು ನೋಡಿ. ಅರ್ಥವಾಗದ ವೈದ್ಯಕೀಯ ಪದ ಸಿಕ್ಕರೆ, ಯುಗಾದಿ ಕಾರ್ಯಕ್ರಮಕ್ಕೆ ನಾನು ಬಂದೇ ಬರುತ್ತೇನೆ, ಊಟದ ಸಾಲಿನಲ್ಲಿ ಹಿಡಿದು ಕೇಳಿ.